ಗಸ್ ರಾಡ್‌ಮಾಕರ್ ಕೈಬಿಟ್ಟ ಚೆಂಡು

ಆಟ ಬಿಟ್ಟು ಮನೆ ಹಿಡಿದ ಹಳೆಯ ಬೇಸ್‌ಬಾಲ್ ಆಟಗಾರರಿಂದ ಅಂಚೆಯಲ್ಲಿ ಹಸ್ತಾಕ್ಷರ ತರಿಸಿಕೊಳ್ಳುವುದು ವರ್ಲಿನ್ ಹಾಸ್ಟೆಟ್ಲರನ ಹುಚ್ಚು. ಆಟಗಾರನ ಚಿತ್ರವಿರುವ ಕಾರ್ಡು, ತನ್ನ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಲಕೋಟೆ, ಜೊತೆಗೊಂದು ಪುಟ ಹೊಗಳಿಕೆ. ಹೊಗಳಿಕೆಗೆ ಕರಗದವರು ಕಡಿಮೆ. ಅವನ ಊರಾದ ಝೇನ್ಸ್‌ವಿಲ್‌ನ ಅಂಚೆಯವನು ಗಾಡಿ ನಿಲ್ಲಿಸುವ ಮೊದಲೇ ವರ್ಲಿನ್ ಗೇಟಿನ ಬಳಿ ನಿಂತಿರುತ್ತಿದ್ದ.

"ಮದ್ವೆಗ್ ಮುಂಚೆ ನನ್ ಕಾಗದಕ್ಕೂ ಹಿಂಗ್ ಕಾದಿರ್ಲಿಲ್ಲ, ಮಹರಾಯ" ಎಂದು ಹೆಂಡತಿ ನಡೀನ್ ಕಿಟಕಿಯಿಂದ ಛೇಡಿಸುತ್ತಿದ್ದಳು.

ಒಬ್ಬನಿಗೆ ಮಾತ್ರ ಅವನು ಬರೆದಿರಲಿಲ್ಲ. ಗಸ್ ರಾಡ್‌ಮಾಕರ್. ಗೆದ್ದೇಬಿಟ್ಟಿದ್ದ ಪಂದ್ಯದಲ್ಲಿ, ಕಣ್ಣುಮುಚ್ಚಿ ಹಿಡಿಯಬಹುದಾದ ಕ್ಯಾಚ್ ಕೈಬಿಟ್ಟು ವರ್ಲಿನ್‌ನ ನೆಚ್ಚಿನ ತಂಡವನ್ನೇ ಮುಳುಗಿಸಿದವನು. ಅವನ ಹೆಸರೆತ್ತಿದರೆ ವರ್ಲಿನ್ ಈಗಲೂ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ.

ಗಂಡನನ್ನು ಕೆಣಕಲು ನಡೀನ್‌ಗೆ ಅಷ್ಟು ಸಾಕಾಯಿತು. ವರ್ಲಿನ್ ಕ್ಷೌರಕ್ಕೆ ಹೋದ ಹೊತ್ತು ನೋಡಿ, ಗಸ್‌ನ ಕಾರ್ಡೊಂದನ್ನು ಜೊತೆಗಿಟ್ಟು, ಗಂಡನ ಹೆಸರಿನಲ್ಲೇ ಅವನಿಗೆ ಬರೆದಳು: "ಸ್ವಾಮಿ, ನೀವು ಆ ಚೆಂಡು ಬಿಟ್ಟಾಗ ನಾನು ರೇಡಿಯೋವನ್ನು ಕಿಟಕಿಯಿಂದ ಎಸೆದೆ. ಕಿಟಕಿ ತೆರೆದಿರಲಿಲ್ಲ. ಸಹಿ ಹಾಕಿ ಕಳಿಸಿದರೆ ಕ್ಷಮಿಸುತ್ತೇನೆ."

ಕಾರ್ಡು ಮರಳಿ ಬಂತು. ಸಹಿಯ ಕೆಳಗೆ ಒಂದು ಸಾಲು: "ವರ್ಲಿನ್‌ಗೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು."

ಗೇಟಿನ ಬಳಿಯೇ ಲಕೋಟೆ ಒಡೆದ ವರ್ಲಿನ್ ಬೀಟ್‌ರೂಟಿನಂತೆ ಕೆಂಪಾದ. "ಬಿಸಿಲಾ? ಅದು ರಾತ್ರಿ ಮ್ಯಾಚ್ ಕಣೇ!"

ಕಾರ್ಡು ತನಗೇಕೆ ಬಂತೆಂದು ಕೇಳುವುದೂ ಮರೆತುಹೋಗುವಷ್ಟು ಸಿಟ್ಟು. ನಿಂತ ಹಾಗೇ ಉತ್ತರ ಗೀಚಿ, ಕೆಳಗೆ ಫೋನ್ ನಂಬರೂ ಬರೆದು, ಅಂಚೆಯವನನ್ನು ಅಟ್ಟಿಸಿಕೊಂಡು ಹೋಗಿ ಕೊಟ್ಟ.

ವಾರ ಕಳೆದು ಫೋನ್ ಬಡಿದುಕೊಂಡಿತು. ಎತ್ತಿದವಳು ನಡೀನ್.

"ರೇಡಿಯೋ ಎಸೆದೋನು ಇದಾನಾ?" ಗೊಗ್ಗರು ದನಿ.

"ಇದಾನೆ. ಜೋರಾಗ್ ಬೈರಿ, ಕಿವಿ ಮಂದ."

ವರ್ಲಿನ್ ಫೋನ್ ಕಸಿದುಕೊಂಡ. "ಬಿಸಿಲಂತೆ, ಬಿಸಿಲು!"

"ಸರಿ, ದೀಪ ಕಣ್ಣಿಗೆ ಹೊಡೀತು. ಅದಕ್ಕೆ ರೇಡಿಯೋ ಒಡೀತಾರೇನಯ್ಯಾ?"

"ಯಾವ ರೇಡಿಯೋ? ನಾನೆಲ್ಲಿ ಒಡ್ದೆ?" ವರ್ಲಿನ್ ಮೆಲ್ಲಗೆ ಹೆಂಡತಿಯತ್ತ ತಿರುಗಿದ.

"ಒಡೆದದ್ದು ನಾನು" ಎಂದಳು ನಡೀನ್. "ನೀನು ಸೋಫಾ ಮೇಲೆ ಅಳ್ತಾ ಕೂತಿದ್ದೆ."

ಅತ್ತಲಿಂದ ಗಸ್ ಹೊಟ್ಟೆ ಬಿರಿಯುವಂತೆ ನಕ್ಕಿದ್ದು ಅಡುಗೆಮನೆಯವರೆಗೂ ಕೇಳಿಸಿತು. ವರ್ಲಿನ್ ಫೋನ್ ಕುಕ್ಕಿದ. ನಡೀನ್ ಮತ್ತೆ ಕರೆ ಮಾಡಿ ಗಸ್‌ನನ್ನು ಊಟಕ್ಕೆ ಕರೆದಳು.

ಅವನು ಪಕ್ಕದ ರಾಜ್ಯ ಇಂಡಿಯಾನಾದಿಂದ ತಾನೇ ಕಾರು ಓಡಿಸಿಕೊಂಡು ಬಂದ. ಬೋಳುತಲೆ, ಡೊಳ್ಳುಹೊಟ್ಟೆ, ನಡಿಗೆಯಲ್ಲಿ ಸಣ್ಣ ಕುಂಟು. ವರ್ಲಿನ್ ಕೈಕುಲುಕಲಿಲ್ಲ. ಮೂವರೂ ಬೇಯಿಸಿದ ಜೋಳದ ತೆನೆ ಕಚ್ಚುತ್ತ ಕೂತರು. ಆಮೇಲೆ ಗಸ್ ತೆನೆ ಕೆಳಗಿಟ್ಟ.

"ಬಿಸಿಲೂ ಅಲ್ಲ, ದೀಪಾನೂ ಅಲ್ಲ ಕಣಯ್ಯಾ. ಚೆಂಡು ಇನ್ನೂ ಮೇಲಿತ್ತು. ಗೆದ್ದೆ ಅಂತ ಜನಕ್ಕೆ ಟೋಪಿ ಬೀಸ್ಬಿಟ್ಟೆ."

"ಹಿಡಿಯೋಕ್ ಮುಂಚೇನೇ?"

"ಮುಂಚೇನೇ. ಟೋಪಿ ದೀಪಕ್ಕೆ ಅಡ್ಡ ಹಿಡ್ದೆ ಅಂದ್ಕೊಂಡ್ರು ಎಲ್ರೂ. ನಿಜ ನನ್ ಹೆಂಡ್ತಿಗೂ ಹೇಳಿರ್ಲಿಲ್ಲ."

ವರ್ಲಿನ್ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದೇ ತಿಳಿಯದವನಂತೆ ಕಂಡ. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದು ನಡೀನ್ ಗಾಬರಿಯಾದಳು. ಅಲ್ಲ, ನಗು. ಮೇಜು ಹಿಡಿದುಕೊಂಡು ನಕ್ಕ. "ಕತ್ತೆ ನೀನು! ಶುದ್ಧ ಕತ್ತೆ!" ಎನ್ನುತ್ತ ತನ್ನ ತಟ್ಟೆಯ ಇನ್ನೊಂದು ತೆನೆಯನ್ನು ಗಸ್‌ನ ತಟ್ಟೆಗೆ ಹಾಕಿದ.

ಈಗ ಭಾನುವಾರ ಬಂತೆಂದರೆ ಇಬ್ಬರೂ ಫೋನಿನಲ್ಲಿ ಕಿರುಚಾಡುತ್ತಾರೆ. ಸದ್ಯಕ್ಕೆ ಬೈಗುಳವೆಲ್ಲ ಯಾವುದೋ ಹಳೆಯ ಅಂಪೈರ್‌ಗೆ. ನಡೀನ್ ಸದ್ದಿಲ್ಲದೆ ಆ ಅಂಪೈರ್‌ನ ವಿಳಾಸ ಹುಡುಕುತ್ತಿದ್ದಾಳೆ.