ಗಂಡಿಲ್ಲದ ಚಿಟ್ಟೆಮನೆ

ಚಿಟ್ಟೆಮನೆಯ ಕೀಲಿಕೈ ಮಾವ ಅವಳ ಕೈಗೆ ಕೊಟ್ಟು ಮೂರು ವರ್ಷವಾಗಿತ್ತು. ಸೋದರಮಾವ. ತಾಯಿ ತೀರಿಕೊಂಡ ಮೇಲೆ ಸಾಕಿದವರು, ಓದಿಸಿದವರು, ತಾವು ದುಡಿದ ಕೃಷಿ ಕಾಲೇಜಿನ ಆ ಗಾಜಿನ ಮನೆಯಲ್ಲಿ ಮರಿಹುಳುಗಳ ಹಿಕ್ಕೆ ಗುಡಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು. ಅಲ್ಲಿದ್ದದ್ದು ಒಂದೇ ಜಾತಿಯ ನೀಲಿ ಚಿಟ್ಟೆ. ಅವು ಹಾರಾಡುತ್ತಿದ್ದ ಕಣಿವೆ ಅಣೆಕಟ್ಟಿನ ನೀರಲ್ಲಿ ಮುಳುಗುವ ಮೊದಲು ಮಾವ ಹನ್ನೆರಡನ್ನು ಹಿಡಿದು ತಂದಿದ್ದರು. ನಲವತ್ತೊಂದು ವರ್ಷದಿಂದ ಅದೇ ವಂಶ ನಡೆದುಬಂದಿತ್ತು. ಅವರಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಚಿಟ್ಟೆಗಳನ್ನೇ ‘ಮಕ್ಕಳು’ ಎನ್ನುತ್ತಿದ್ದರು.

ಒಳಗೊಳಗೇ ಸಂಬಂಧ ಬೆಳೆದು ವಂಶ ಸೊರಗುತ್ತಿತ್ತು. ದೂರದ ಕರಾವಳಿಯ ಸಂಶೋಧಕಿಯೊಬ್ಬಳು ಅದೇ ಜಾತಿಯ ಮೂರು ಹೆಣ್ಣುಗಳನ್ನು ಕಳಿಸಿಕೊಟ್ಟಾಗ ಇವಳಿಗೆ ಹೋದ ಜೀವ ಬಂದಂತಾಯಿತು. ಹೊರಗಿನಿಂದ ಬಂದದ್ದನ್ನು ಮೂರು ತಲೆಮಾರು ಬೇರೆ ಗೂಡಿನಲ್ಲಿಡಬೇಕೆಂಬುದು ಮಾವನ ಕಟ್ಟಳೆ. ಆದರೆ ಅದೇ ವಾರ ಮಾವನಿಗೆ ಹೃದಯಾಘಾತವಾಗಿತ್ತು. ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದವಳಿಗೆ ಇನ್ನೊಂದು ಗೂಡಿಗೆ ದಿನಾ ಎಲೆ ಹಾಕುವ ಪುರುಸೊತ್ತೆಲ್ಲಿ? ಮೂರನ್ನೂ ಹಳೆಯ ವಂಶವಿದ್ದ ದೊಡ್ಡ ಗೂಡಿಗೇ ಬಿಟ್ಟಳು.

ಎರಡು ತಿಂಗಳಲ್ಲಿ ಕೆಲವು ಎಲೆಗಳ ಮೇಲಿನ ಮೊಟ್ಟೆ ಅರ್ಧಕ್ಕರ್ಧ ಕಪ್ಪಾದವು. ಒಡೆದ ಮೊಟ್ಟೆಗಳಿಂದ ಬಂದ ಮರಿಗಳು, ಸತ್ತ ಒಡಹುಟ್ಟುಗಳ ಪಾಲನ್ನೂ ತಿಂದು, ಹಿಂದೆಂದೂ ಇಲ್ಲದಷ್ಟು ಪುಷ್ಟಿಯಾಗಿ ಬೆಳೆದವು. ಎಲ್ಲವೂ ಹೆಣ್ಣು. ಎಲೆಗೆ ಯಾರೋ ಔಷಧ ಹೊಡೆದಿರಬೇಕೆಂದು ಎಲೆ ಬದಲಿಸಿದಳು, ಬಿಸಿನೀರಲ್ಲಿ ಗೂಡು ತೊಳೆದಳು. ಸರಿಹೋಗಲಿಲ್ಲ.

ಭಾನುವಾರ ಮನೆಗೆ ಹೋದಾಗಲೆಲ್ಲ ಮಾವ ಹಾಸಿಗೆಯಿಂದಲೇ ಕೇಳುತ್ತಿದ್ದರು. “ಹೇಗಿದಾರೆ ಮಕ್ಕಳು?”

“ಚೆನ್ನಾಗಿದಾರೆ ಮಾವ. ಈ ಸಲ ಹೆಣ್ಣಿನ ಕಡೆಯವರೇ ಜಾಸ್ತಿ.”

“ಹಾಗಾದ್ರೆ ಗಂಡಿನ ಕಡೆಯವರಿಗೆ ಬಸ್ಸು ತಪ್ಪಿರಬೇಕು,” ಎಂದು ಅವರು ನಕ್ಕರು. ಅವಳೂ ನಕ್ಕಳು.

ಅಡುಗೆಮನೆಯಲ್ಲಿ ಅತ್ತೆಗೆ ನಿಜ ಹೇಳಿದಾಗ ಅವರು ಅವಳ ಕೈ ಹಿಡಿದುಕೊಂಡರು. “ಅವರ ಕಿವಿಗೆ ಹಾಕಬೇಡ ಕಣೇ. ಆ ಎದೆ ಇನ್ನೊಂದು ಪೆಟ್ಟು ತಡೆಯಲ್ಲ.”

ಹೀಗೇ ಹತ್ತು ತಿಂಗಳು ಕಳೆಯಿತು. ಕೊನೆಯ ಗಂಡು ಸತ್ತ ದಿನ ಅವಳು ಮೊಟ್ಟೆಗಳನ್ನು ಕಾಲೇಜಿನ ಸೂಕ್ಷ್ಮಜೀವಿ ವಿಭಾಗಕ್ಕೆ ಒಯ್ದಳು. ಅಲ್ಲಿನ ತಜ್ಞೆ ನೋಡಿ ನಿಧಾನವಾಗಿ ಹೇಳಿದಳು. “ಮೊಟ್ಟೆಯೊಳಗೇ ಬ್ಯಾಕ್ಟೀರಿಯಾ ಇದೆ. ತಾಯಿಯಿಂದ ಮಗಳಿಗೆ ಬರತ್ತೆ. ಗಂಡಿನಿಂದ ಮುಂದಕ್ಕೆ ಹೋಗಲ್ಲ, ಅದಕ್ಕೇ ಗಂಡನ್ನ ಮೊಟ್ಟೆಯಲ್ಲೇ ಮುಗಿಸಿಬಿಡತ್ತೆ. ಹೊರಗಿಂದ ಯಾವುದಾದರೂ ಹೆಣ್ಣು ತಂದಿದ್ರಾ?”

ಅವಳಿಗೆ ಕರಾವಳಿಯ ಆ ಮೂರು ನೆನಪಾದವು. ಗಂಡು ಸಿಗುತ್ತದೆಯೇ ಎಂದು ಅಲ್ಲಿಗೆ ಫೋನ್ ಮಾಡಿದರೆ, ಅಲ್ಲೂ ನೂರು ಹೆಣ್ಣಿಗೆ ಒಂದು ಗಂಡು, ಈ ವರ್ಷ ಚಿಟ್ಟೆ ಹಾರುವ ಕಾಲವೂ ಮುಗಿದಿದೆ ಎಂದರು.

ಮರುದಿನ ಮಾವನ ಮಂಚದ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಆ ಮೂರು ಹೆಣ್ಣುಗಳನ್ನು ಎಲ್ಲಿ ಬಿಟ್ಟೆನೆಂಬುದನ್ನೂ.

“ಒಂದು ಗಂಡೂ ಇಲ್ವಾ?”

“ಇಲ್ಲ ಮಾವ.”

“ಇಪ್ಪತ್ತು ವರ್ಷದ ಹಿಂದೆ ಹೊರಗಿನ ಹೆಣ್ಣು ತಂದು ಬಿಟ್ಟು ನನ್ನ ಕೈಯಲ್ಲೂ ಇದೇ ಆಗಿತ್ತು,” ಎಂದರು. “ಆಂಟಿಬಯಾಟಿಕ್ ಮಾತ್ರೆ ನೀರಲ್ಲಿ ಕರಗಿಸಿ ಎಲೆಗೆ ಸವರಿ ಮರಿಗಳಿಗೆ ತಿನ್ನಿಸಿದೆ. ಅವು ಚಿಟ್ಟೆಯಾಗಿ ಇಟ್ಟ ಮೊಟ್ಟೆಗಳಲ್ಲಿ ಗಂಡು ಉಳಿದವು. ಕೂಡೋದಕ್ಕೆ ನಾಲ್ಕು ಗಂಡು ಆಗ ಇನ್ನೂ ಇದ್ದವು, ಅದಕ್ಕೆ ಆಯ್ತು.”

ಅವಳು ತಲೆಯೆತ್ತಲಿಲ್ಲ. ಕಳೆದ ತಿಂಗಳೂ ಗೂಡಿನಲ್ಲಿ ಎರಡು ಗಂಡು ಇದ್ದವು.

“ಆ ಕಟ್ಟಳೆ ಅವತ್ತೇ ಮಾಡಿದ್ದು. ಯಾಕೆ ಅಂತ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆ ಆಗಿತ್ತಮ್ಮ, ಯಾರಿಗೂ ಹೇಳಿರಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಹಾಗೇ ನೆಲದ ಮೇಲೆ ಕೂತುಬಿಟ್ಟರು. “ಹೇಳಬೇಡ ಅಂದಿದ್ದು ನಾನೇ.” ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ ಎಂದು ಅವಳಿಗೆ ಅನಿಸಿತು.

ಮಾವ ಹಟ ಹಿಡಿದರೆಂದು ಅವರನ್ನು ಗಾಲಿಕುರ್ಚಿಯಲ್ಲಿ ಗಾಜಿನ ಮನೆಗೆ ಕರೆತಂದರು. ಹದಿನೇಳು ಹೆಣ್ಣುಗಳಿದ್ದವು. ಒಂದು, ಎಲೆಯ ಅಡಿಗೆ ಹೊಟ್ಟೆ ಬಾಗಿಸಿ, ಎಂದೂ ಒಡೆಯದ ಮೊಟ್ಟೆಗಳನ್ನು ಒಂದರ ಪಕ್ಕ ಒಂದು ಇಡುತ್ತಿತ್ತು. ಅದು ಮುಗಿಸುವ ತನಕ ಮಾವ ಅಲ್ಲಾಡಲಿಲ್ಲ. ಆಮೇಲೆ, “ಎಲೆ ಒಣಗಿದೆ, ಬೇರೆ ಹಾಕು,” ಎಂದರು. ಅವಳು ಹಾಕಿದಳು.

ಕೊನೆಯದು ಇಪ್ಪತ್ತೆರಡು ದಿನ ಬದುಕಿತು. ಕಾಲೇಜಿನವರು ಗಾಜಿನ ಮನೆಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿದರು, ಅವಳನ್ನು ಬೀಜ ವಿಭಾಗಕ್ಕೆ ಹಾಕಿದರು.

ಮಾವ ಮತ್ತೆ ನಡೆಯುವಂತಾಗಿ ಎರಡು ವರ್ಷ ಬದುಕಿದರು. ಸಂಜೆ ಅವಳ ತೋಳು ಹಿಡಿದು ಅಂಚೆಕಚೇರಿಯ ಕಡೆಯಿಂದ ಒಂದು ಸುತ್ತು ಹಾಕುತ್ತಿದ್ದರು. ಕಾಲೇಜಿನ ದಾರಿ ಹತ್ತಿರವಿತ್ತು, ನೆರಳೂ ಇತ್ತು. ಅತ್ತ ಹೋಗೋಣವೆಂದು ಅವರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.