ಚಿಕ್ಕಮ್ಮನ ಹೆಸರಿನ ಕ್ಲಾಸು

ಚಾಟ್‌ಬಾಟ್ ಕಟ್ಟುವವರಿಗಾಗಿ ನಮ್ಮ ಆಫೀಸಿನಲ್ಲಿ ಒಂದು ಲೈಬ್ರರಿ ಬರೆಯುತ್ತೇವೆ. ಸಿದ್ಧ ಕೋಡಿನ ಕಂತೆ ಅನ್ನಿ. ಒಂದೊಂದು ಕೆಲಸಕ್ಕೆ ಒಂದೊಂದು ಕೋಡಿನ ತುಂಡು, ಅದಕ್ಕೆ ಕ್ಲಾಸು ಅನ್ನುತ್ತೇವೆ. ಹೆಸರಿಡುವ ಕೆಲಸ ನನ್ನ ಪಾಲಿಗೆ ಬಂದಾಗ ಮನೆಮಂದಿಯನ್ನೆಲ್ಲ ಅದರೊಳಗೆ ತುರುಕಿದ್ದೆ. ಒಬ್ಬರ ಮಾತನ್ನು ಊರಿಗೆಲ್ಲ ಮುಟ್ಟಿಸುವ ಕ್ಲಾಸಿಗೆ ‘ಚಿಕ್ಕಮ್ಮ’ ಅಂತಲೇ ಹೆಸರು. ಚಿಕ್ಕಮ್ಮನಿಗಂತೂ ಹೆಮ್ಮೆಯೋ ಹೆಮ್ಮೆ. ಬಟ್ಟೆ ಹೊಲಿಸಲು ಬಂದವರಿಗೆಲ್ಲ “ಕಂಪ್ಯೂಟರ್ ಒಳಗೆ ನಾನಿದ್ದೀನಿ, ಗೊತ್ತಾ?” ಎಂದು ಹೇಳಿಯೇ ಅಳತೆ ತೆಗೆಯುತ್ತಿದ್ದಳು.

ಹೊಸ ಆವೃತ್ತಿ ಬರುವಾಗ ನಮ್ಮ ಮೇಡಂ, “ಹೊರಗಿನವರಿಗೆ ಅರ್ಥ ಆಗ್ಬೇಕಲ್ಲಮ್ಮ,” ಎಂದು ಚಿಕ್ಕಮ್ಮನನ್ನು ‘ಪ್ರಸಾರಕ’ ಮಾಡಿಬಿಟ್ಟರು. ಅದೂ ಒಂದು ಹೆಸರೇ?

ನಾನೇ ಹೇಳಿ ಬೈಸಿಕೊಳ್ಳೋಣವೆಂದು ಚಿಕ್ಕಮ್ಮ-ಚಿಕ್ಕಪ್ಪನ ಹೊಲಿಗೆ ಅಂಗಡಿಗೆ ಹೋದೆ. ಚಿಕ್ಕಮ್ಮ ಬೈಯಲಿಲ್ಲ. ಮಷೀನು ನಿಲ್ಲಿಸಿದಳು.

“ತೆಗೆದುಬಿಟ್ರಾ? ನನ್ನ ಹೆಸರು ಅಂತ ಇದ್ದಿದ್ದು ಅದೊಂದು ಕಡೆ.”

ಅವಳ ಮುಖ ಅಷ್ಟು ಸಪ್ಪೆಯಾದದ್ದು ನಾನು ನೋಡಿಯೇ ಇರಲಿಲ್ಲ. ನನಗೆ ಸಂಕಟವಾಯಿತು. ಮಾತು ತಿರುಗಿಸಲು ಹೊಸ ಆವೃತ್ತಿಯ ಸೌಲಭ್ಯವೊಂದರ ಸುದ್ದಿ ತೆಗೆದೆ. ಅಂಗಡಿಯ ಗಿರಾಕಿಗಳಿಗೆಂದು ನಾನು ಮಾಡಿಕೊಟ್ಟಿದ್ದ ಬಾಟ್ ಒಂದು ಸಾಲು ಬಂದರೆ ಸಾಕು, ನಡುವೆ ಬಾಯಿ ಹಾಕುತ್ತಿತ್ತು. ಈಗ ಎದುರಿನವರು ಮಾತು ಮುಗಿಸುವವರೆಗೆ ಕಾಯುತ್ತದೆ ಎಂದೆ.

“ಕಾಯುತ್ತಾ?” ಎಂದು ತಲೆಯೆತ್ತಿದವರು ಬಟ್ಟೆ ಕತ್ತರಿಸುತ್ತಿದ್ದ ಚಿಕ್ಕಪ್ಪ. ಆ ಮನೆಯಲ್ಲಿ ಅವರ ವಾಕ್ಯವೊಂದು ಕ್ರಿಯಾಪದದವರೆಗೆ ಬದುಕಿ ಬಂದದ್ದೇ ಅಪರೂಪ. ಫೋನ್ ತೆಗೆದು ಒಂದೇ ಬೆರಳಲ್ಲಿ ಕುಟ್ಟತೊಡಗಿದರು.

‘ಅಂಗಡಿ ಬೋರ್ಡು.’ ಬಾಟ್ ಸುಮ್ಮನಿತ್ತು.

‘ಅದರಲ್ಲಿ ನಮ್ಮಪ್ಪನ ಹೆಸರಿದೆ.’ ಆಗಲೂ ಸುಮ್ಮನಿತ್ತು. ಹೆಗಲ ಮೇಲಿಂದ ಇಣುಕುತ್ತಿದ್ದ ಚಿಕ್ಕಮ್ಮ ಇನ್ನೇನು ಬಾಯಿ ತೆರೆಯಬೇಕು, ನಾನು ಅವಳ ತೋಳು ಚಿವುಟಿದೆ.

‘ಅದನ್ನು ಇಳಿಸಿ ನನ್ನ ಹೆಂಡತಿ ಹೆಸರು ಹಾಕಿಸಬೇಕು. ತುಂಬ ದಿನದ ಆಸೆ.’

ಚಿಕ್ಕಮ್ಮನ ಕಣ್ಣು ತುಂಬಿ ಬಂತು. “ಬಾಯಿಬಿಟ್ಟು ಹೇಳೋಕೇನ್ರೀ ಆಗಿತ್ತು ನಿಮಗೆ?”

“ಹೇಳೋಣ ಅಂತ ಎಷ್ಟೋ ಸಲ...”

“ಎಷ್ಟೋ ಸಲ ಎಲ್ಲಿ, ಒಂದ್ಸಲನೂ ಹೇಳಿಲ್ಲ!”

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಾಟ್‌ನ ಉತ್ತರ ಬಂತು. ಹೊಲಿಗೆ ಬಿಟ್ಟು ಬೇರೇನೂ ಗೊತ್ತಿಲ್ಲದ ಅದು ಕೇಳಿತ್ತು: ‘ಆಗಲಿ. ಅಳತೆ ಎಷ್ಟು?’

ಚಿಕ್ಕಮ್ಮ ಕೊರಳಲ್ಲಿದ್ದ ಟೇಪು ಎಳೆದುಕೊಂಡು ಬಾಗಿಲಾಚೆ ಓಡಿದಳು.

“ರೀ, ಬನ್ನಿ, ಆ ತುದಿ ಹಿಡ್ಕೊಳ್ಳಿ!”