ನಾಲ್ಕು ಕೆಂಪು ಚುಕ್ಕೆ

ನಾನು ಬಾಯಿ ತೆರೆದರೆ ಆದೋನಿ ಸ್ಟೇಷನ್ನಿನಲ್ಲಿ ಮುಂಬೈ ರೈಲು ಹೊರಡುವುದನ್ನೇ ಮರೆತು ನಿಲ್ಲುತ್ತದೆ. ಅಂಥ ನಾನು ನಮ್ಮೂರ ಶಾಲೆಯ ಪಾಲಕರ ಸಮಿತಿಗೆ ಅಧ್ಯಕ್ಷ. ದೊಡ್ಡ ತರಗತಿಗಳನ್ನು ಆರು ಕಿಲೋಮೀಟರ್ ದೂರದ ಪೆದ್ದಕಡುಬೂರಿನ ಶಾಲೆಗೆ ಸೇರಿಸುವ ಮಾತು ಬಂದಾಗ ಮೂವತ್ತು ಜನರನ್ನು ಅರ್ಧ ಗಂಟೆಯಲ್ಲಿ ಒಪ್ಪಿಸಿದೆ. ಒಬ್ಬರೂ ಉಸಿರೆತ್ತಲಿಲ್ಲ ಎಂದು ಆಸ್ಪರಿಯವರೆಗೂ ಹೇಳಿಕೊಂಡು ತಿರುಗಿದೆ.

ಆದೋನಿ ಕಾಲೇಜಿನ ಮಾಧವಿ ಮೇಡಂ ಆ ಸಭೆಯನ್ನು ಅಧ್ಯಯನಕ್ಕೆಂದು ರೆಕಾರ್ಡ್ ಮಾಡಿದ್ದರು. ಯಾರು ಎಷ್ಟು ಮಾತಾಡಿದರು, ಯಾರು ಯಾರನ್ನು ತಡೆದರು ಎಂಬುದನ್ನು ಅವರ ಕಂಪ್ಯೂಟರ್ ಬಣ್ಣ ಬಣ್ಣದ ಗೆರೆಗಳಲ್ಲಿ ತೋರಿಸುತ್ತದಂತೆ. ಮೂರು ತಿಂಗಳ ಮೇಲೆ ಅದನ್ನು ಸಮಿತಿಗೆ ತೋರಿಸಲು ಬಂದರು. ಅಷ್ಟರಲ್ಲಿ ಸಮಿತಿಯಲ್ಲೇ ಇದ್ದ ಕೊಂಡಮ್ಮನ ಮಗಳು ಲಾವಣ್ಯ ಶಾಲೆ ಬಿಟ್ಟಿದ್ದಳು. ಒಂದು ಕಾಲು ಸ್ವಾಧೀನವಿಲ್ಲದ ಹುಡುಗಿ ಆರು ಕಿಲೋಮೀಟರ್ ನಡೆಯುವಂತಿರಲಿಲ್ಲ.

ನೀಲಿ ಗೆರೆಯೊಂದು ಪರದೆಯ ತುಂಬ ಹರಿದಿತ್ತು. "ಇದು ನಂದೇ ಐತಿ," ಎಂದು ಮೀಸೆ ತಿರುವಿದೆ. ಅದರ ಕೆಳಗೆ ನಾಲ್ಕು ಕೆಂಪು ಚುಕ್ಕೆಗಳಿದ್ದವು.

"ಅವು ಕೊಂಡಮ್ಮನವು. ನಾಲ್ಕು ಸಲ ಮಾತು ಶುರು ಮಾಡ್ಯಾರ, ನಾಲ್ಕೂ ಸಲ ನೀವು ಅಡ್ಡ ಬಂದೀರಿ," ಎಂದ ಮೇಡಂ ಒಂದನ್ನು ಕೇಳಿಸಿದರು. "ನನ್ ಮಗಳು..." ಅಷ್ಟೇ. ಆಮೇಲೆ ನನ್ನದೇ ಗುಡುಗು.

"ಗದ್ದಲದಾಗ ಕೇಳಿಸ್ಲಿಲ್ಲಮ್ಮ, ನಿಜಂಗ," ಎಂದೆ.

"ನೀನು ಆಗ ನನ್ ಮಖಾನೇ ನೋಡ್ತಿದ್ದಿ ಅಲ್ಲ, ರಂಗನಾಥಣ್ಣ," ಎಂದಳು ಕೊಂಡಮ್ಮ ಮೆಲ್ಲಗೆ.

ನೋಡುತ್ತಿದ್ದೆ. ನಾಲ್ಕೂ ಸಲ ಕೇಳಿಸಿತ್ತು. ಆ ಹುಡುಗಿ ಹೇಗೆ ಹೋಗಬೇಕು ಎಂಬುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕೇ ದನಿ ಏರಿಸಿದ್ದೆ.